ಟಿಂಕರಿಂಗ್ ಆದ ಕಾರಿಗೆ ಎಷ್ಟು ಸ್ಟಾರ್?

ಮಾನ್ಯರೇ,

ಕಾರನ್ನು ಗುದ್ದಿಸಿ ನೋಡಿ ಅದರ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ 2023ರಲ್ಲಿ ಬಂದ ಮೇಲೆ ಕಾರು ಕೊಳ್ಳುವವರು ಸ್ಟಾರ್ ಎಷ್ಟು ಎಂದು ಕೇಳುವುದು ಜಾಸ್ತಿಯಾಗಿದೆ. ಒಳ್ಳೆಯದೇ. ಆದರೆ ಒಮ್ಮೆ ಗುದ್ದಿ ಟಿಂಕರಿಂಗ್ ಆದ ಕಾರಿಗೆ ಆ ಸ್ಟಾರ್ ಉಳಿದಿರುತ್ತದೆಯೇ?

ಡಿಕ್ಕಿಯಾದಾಗ ಲೋಹ ಹೇಗೆ ಬಾಗುತ್ತದೆ, ಎಲ್ಲಿ ಸೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಲ್ಯಾಬಿನಲ್ಲಿ ಉಕ್ಕಿನ ತುಂಡನ್ನು ನಿಧಾನಕ್ಕೆ ಎಳೆದು ತೆಗೆದ ಅಂಕಿಅಂಶ ಇಲ್ಲಿ ಸಾಲದು. ಡಿಕ್ಕಿ ಮುಗಿಯುವುದೇ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ. ಅಷ್ಟು ವೇಗಕ್ಕೆ ಮೆದು ಉಕ್ಕು ಕೂಡ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಜೊತೆಗೇ ಬಾಗಿದ ಜಾಗ ಬಿಸಿಯಾಗಿ ಸ್ವಲ್ಪ ಸಡಿಲಗೊಳ್ಳುತ್ತದೆ. ಇವೆರಡನ್ನೂ ಒಂದೇ ಸೂತ್ರಕ್ಕೆ ತಂದದ್ದು 1983ರಲ್ಲಿ ಜಾನ್ಸನ್ ಮತ್ತು ಕುಕ್ ಎಂಬ ಇಬ್ಬರು ಕೊಟ್ಟ ಜಾನ್ಸನ್-ಕುಕ್ ಮಾದರಿ. ಯಾವಾಗ ಮುರಿಯುತ್ತದೆ ಎಂಬುದಕ್ಕೆ ಅವರೇ 1985ರಲ್ಲಿ ಇನ್ನೊಂದು ಸೂತ್ರ ಕೊಟ್ಟರು. ಈ ಮುರಿಯುವ ಲೆಕ್ಕ ಇವತ್ತಿಗೂ ನಮಗೆ ತಲೆನೋವೇ.

ಅದರಲ್ಲೂ ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬ, ಅಂದರೆ ಬಿ-ಪಿಲ್ಲರ್. ಹಲವು ಹೊಸ ಕಾರುಗಳಲ್ಲಿ ಇದು ಬೋರಾನ್ ಉಕ್ಕಿನದು. ಸುಮಾರು 900 ಡಿಗ್ರಿಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ತಟ್ಟನೆ ತಣಿಸುತ್ತಾರೆ. ಬಲ 1500 ಮೆಗಾಪಾಸ್ಕಲ್ ಆಸುಪಾಸು, ಅಂದರೆ ಸಾಮಾನ್ಯ ಬಾಡಿ ಶೀಟಿನ ನಾಲ್ಕೈದು ಪಟ್ಟು. ಆದರೆ ಶಾಖ ತಗುಲಿದರೆ ಮೆತ್ತಗಾಗುತ್ತದೆ. ಶೀಟುಗಳನ್ನು ಚುಕ್ಕಿ ಚುಕ್ಕಿಯಾಗಿ ಬೆಸೆಯುವ ಸ್ಪಾಟ್ ವೆಲ್ಡಿಂಗ್ ಸುತ್ತಲಿನ ಕೆಲವೇ ಮಿಲಿಮೀಟರ್ ಮೆತ್ತಗಾದರೂ ಸಾಕು, ಸೀಳು ಅಲ್ಲಿಂದ ಶುರುವಾಗಬಹುದು. ಅಷ್ಟು ಚಿಕ್ಕ ಜಾಗಕ್ಕೆ ನಾವು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ.

ಇಂಥ ಪಿಲ್ಲರಿಗೆ ಗ್ಯಾಸ್ ಹಚ್ಚಿ, ಕೆಂಪಗೆ ಕಾಯಿಸಿ, ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡುವುದನ್ನು ನೋಡಿದ್ದೇನೆ. ಪುಟ್ಟಿ, ಪೇಂಟ್ ಆದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಪಕ್ಕದಿಂದ ಗುದ್ದಿದರೆ ಅದು ನಮ್ಮ ಲೆಕ್ಕದ ಪಿಲ್ಲರಾಗಿ ಉಳಿದಿರುವುದಿಲ್ಲ.

ಟಿಂಕರಿಂಗ್ ಮಾಡುವವರನ್ನು ಬೈದು ಪ್ರಯೋಜನವಿಲ್ಲ. ಅವರ ಕೈ ಪಳಗಿದ್ದು ಮೆದು ಉಕ್ಕಿನಲ್ಲಿ, ಬೇರೆ ಹೇಳಿಕೊಟ್ಟವರಾದರೂ ಯಾರು? ಯಾವ ಭಾಗವನ್ನು ಕಾಯಿಸಬಾರದು, ಯಾವುದನ್ನು ಬದಲಿಸಲೇಬೇಕು ಎಂಬುದನ್ನು ಪ್ರತಿ ಮಾಡೆಲ್‌ಗೂ ಚಿತ್ರ ಸಮೇತ ಕನ್ನಡದಲ್ಲಿ ಹೊರಗಿನ ಗ್ಯಾರೇಜುಗಳಿಗೂ ಕೊಡುವಂತೆ ಸಾರಿಗೆ ಇಲಾಖೆ ಕಾರು ಕಂಪನಿಗಳಿಗೆ ಹೇಳಲಿ. ವಿಮೆಯ ಸರ್ವೇಯರ್ ಪಿಲ್ಲರ್ ಬಾಗಿದ್ದನ್ನು ಕಂಡರೆ ಬದಲಿಸಲು ಒಪ್ಪಿ, ಅದನ್ನು ಬರೆದಿಡಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಆ ದಾಖಲೆ ನೋಡಲು ಸಿಗಬೇಕು.

– ಒಬ್ಬ ಕ್ರ್ಯಾಶ್ ಸಿಮ್ಯುಲೇಷನ್ ಎಂಜಿನಿಯರ್, ಬೆಂಗಳೂರು