ನೆಲವೂ ಕಾಣಲಿ, ಪುಟ್ಟಾ

ತುಮಕೂರು
ಬುಧವಾರ ರಾತ್ರಿ

ಪ್ರೀತಿಯ ಪುಟ್ಟನಿಗೆ,

ಭಾನುವಾರ ನಮ್ಮೂರಿನ ಮೈದಾನದಲ್ಲಿ ಬೈಕು ಹಾರಿಸಿ ಗಾಳಿಯಲ್ಲೇ ಕಸರತ್ತು ಮಾಡುವ ಫ್ರೀಸ್ಟೈಲ್ ಮೋಟೋಕ್ರಾಸ್ ಶೋ ಇದೆ, ನಿನಗೆ ಫೋಟೋ ಪಾಸ್ ಸಿಕ್ಕಿದೆ ಅಂತ ನಿಮ್ಮಮ್ಮ ಹೇಳಿದಳು. ನೀನು ಮೊದಲೊಮ್ಮೆ ತೆಗೆದ ಫೋಟೋಗಳನ್ನೂ ಕಳಿಸಿದ್ದಾಳೆ. ಎಲ್ಲದರಲ್ಲೂ ಬೈಕು, ಸವಾರ, ಹಿಂದೆ ನೀಲಿ ಆಕಾಶ. ಶಾರ್ಪ್ ಆಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಅವನು ಐದಡಿ ಮೇಲಿದ್ದಾನೋ ಮೂವತ್ತಡಿಯೋ ಗೊತ್ತಾಗಲಿಲ್ಲ ಕಣೋ. ದಾರ ಕಟ್ಟಿ ನೇತುಹಾಕಿದ ಹಾಗಿದೆ.

ಬೈಯುತ್ತಿಲ್ಲ. ನಾನೂ ಇದನ್ನೇ ಮಾಡಿದವನು. ಸ್ಟುಡಿಯೋ ಹಾಕಿದ ಹೊಸತರಲ್ಲಿ ಒಂದು ಜಾತ್ರೆಗೆ ಮರಣಬಾವಿ ಬಂದಿತ್ತು. ಕೈಯಲ್ಲಿ 36 ಫೋಟೋದ ಒಂದೇ ರೋಲ್. ಸವಾರನ ಮುಖ ಹತ್ತಿರ ಬರಲಿ ಅಂತ ಝೂಮ್ ಎಳೆದೆ. ತೊಳೆದು ನೋಡಿದರೆ ಹಲಗೆಗೆ ಒರಗಿ ಕೂತ ಮನುಷ್ಯ! ಮೇಲಿನಿಂದ ಬಗ್ಗಿ ನೋಡುವ ಜನ ಇಲ್ಲ, ಕೆಳಗಿನ ಮಣ್ಣಿಲ್ಲ. ನಿಮ್ಮತ್ತೆ ಇವತ್ತಿಗೂ ಆ ಫೋಟೋ ತೆಗೆದು ನಗುತ್ತಾಳೆ.

ಅದಕ್ಕೇ ಹೇಳುವುದು, ಫ್ರೇಮಿನಿಂದ ರ‍್ಯಾಂಪ್ ಬಿಡಬೇಡ. ಏರುವ ರ‍್ಯಾಂಪ್‌ಗೂ ಇಳಿಯುವ ರ‍್ಯಾಂಪ್‌ಗೂ ನಡುವೆ ಸಾಮಾನ್ಯವಾಗಿ 75 ಅಡಿ, ಅಂದರೆ ಸುಮಾರು 23 ಮೀಟರ್ ಇರುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾಗೆ 24 ಎಂಎಂನ ಅಗಲ ನೋಟದ ಲೆನ್ಸ್ ಹಾಕಿ, ಪಕ್ಕದಲ್ಲಿ 20 ಮೀಟರ್ ದೂರ ಕೂತರೆ ಎರಡೂ ಫ್ರೇಮಿಗೆ ಬರುತ್ತವೆ. ಮೊಣಕಾಲೂರಿ ಕೂತುಕೋ. ಕ್ಯಾಮೆರಾ ತಗ್ಗಿದಷ್ಟೂ ಫೋಟೋದಲ್ಲಿ ಸವಾರ ಮೇಲೇರುತ್ತಾನೆ. ಬೈಕಿನ ಸಮೇತ ಹಿಂದಕ್ಕೆ ಪಲ್ಟಿ ಹೊಡೆಯುವ ಬ್ಯಾಕ್‌ಫ್ಲಿಪ್‌ಗಂತೂ ನೆಲ ಬೇಕೇ ಬೇಕು. ಇಲ್ಲದಿದ್ದರೆ ಫೋಟೋವನ್ನು ತಿರುಗಿಸಿ ಹಿಡಿದವರಿಗೆ ಬೈಕು ಸುಮ್ನೆ ರೋಡಲ್ಲಿ ಹೋಗುತ್ತಿದೆ ಅನಿಸುತ್ತದೆ, ಅಲ್ವಾ?

2006ರಲ್ಲಿ ಅಮೆರಿಕದ ಸಾಹಸ ಕ್ರೀಡಾಕೂಟ ಎಕ್ಸ್ ಗೇಮ್ಸ್‌ನಲ್ಲಿ ಟ್ರಾವಿಸ್ ಪಸ್ಟ್ರಾನಾ ಅನ್ನುವ ಸವಾರ ಒಂದೇ ನೆಗೆತದಲ್ಲಿ ಎರಡು ಬ್ಯಾಕ್‌ಫ್ಲಿಪ್ ಹೊಡೆದ. ಒಂದು ಫೋಟೋ ನೋಡಿ ಅದು ಮೊದಲನೇ ಸುತ್ತೋ ಎರಡನೆಯದೋ ಹೇಗೆ ಹೇಳುತ್ತೀಯ? ಅದು ವಿಡಿಯೋದವರ ಪಾಲು. ಹ್ಯಾಂಡಲ್ ಹಿಡಿದು ಮೈ ಹಿಂದಕ್ಕೆ ಚಾಚುವ ಸೂಪರ್‌ಮ್ಯಾನ್ ಇದೆಯಲ್ಲ, ಅದು ನಮ್ಮ ಪಾಲು. ಒಂದೇ ಕ್ಷಣದಲ್ಲಿ ಪೂರ್ತಿ ಕಾಣುತ್ತದೆ.

ಷಟರ್ ವಿಷಯ ನಿನಗೆ ಗೊತ್ತು, ಆದರೂ ಲೆಕ್ಕ ಹಾಕಿ ನೋಡು. ಗಾಳಿಯಲ್ಲಿ ಬೈಕು ಸೆಕೆಂಡಿಗೆ 12 ಮೀಟರ್ ಮುಂದೆ ಸರಿಯುತ್ತದೆ ಅಂದುಕೋ. 1/250 ಸೆಕೆಂಡಿನಲ್ಲಿ ತೆಗೆದರೆ ಅಷ್ಟರಲ್ಲೇ ಸುಮಾರು 5 ಸೆಂಟಿಮೀಟರ್ ಓಡಿರುತ್ತದೆ. 1/2000ರಲ್ಲಾದರೆ 6 ಮಿಲಿಮೀಟರ್. ನೆಗೆತದ ತುದಿಯಲ್ಲಿ ಬೈಕು ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ. ಟ್ರಿಕ್ ಅರಳುವುದು ಹೆಚ್ಚಾಗಿ ಅಲ್ಲೇ. ಏರುವ ರ‍್ಯಾಂಪ್ ಸವಾರನನ್ನು ಮರೆಮಾಡುವ ಜಾಗದಲ್ಲಿ ಕೂತರೆ ಆಟೋಫೋಕಸ್ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಪ್ರಾಕ್ಟೀಸ್ ಹೊತ್ತಿಗೇ ಹೋಗಿ, ಯಾವ ಸವಾರ ಎಲ್ಲಿ ಕೈ ಬಿಡುತ್ತಾನೆ ನೋಡಿಟ್ಟುಕೋ. ಕಿವಿಯನ್ನೂ ಬಳಸು. ಚಕ್ರ ರ‍್ಯಾಂಪ್ ಬಿಟ್ಟ ಕೂಡಲೇ ಎಂಜಿನ್ ಸದ್ದು ಬದಲಾಗುತ್ತದೆ. ಆಕಾಶ ಬೆಳ್ಳಗಿದ್ದರೆ ಸವಾರ ಕಪ್ಪಾಗುತ್ತಾನೆ, ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು, ಜಾಸ್ತಿ ಮಾಡು. ಧೂಳಿನಲ್ಲಿ ಲೆನ್ಸ್ ಬದಲಾಯಿಸಬೇಡ.

ಇಳಿಯುವ ರ‍್ಯಾಂಪ್‌ನ ಎದುರು ಮಾತ್ರ ಕೂರಬೇಡ, ಯಾರು ಜಾಗ ತೋರಿಸಿದರೂ ಸರಿ. ಬ್ರೇಕ್ ತಪ್ಪಿದವನು ಬರುವುದು ಅದೇ ದಾರಿಯಲ್ಲಿ. ಕತ್ತಲಾದ ಮೇಲೆ ಎದುರಿನಿಂದ ಫ್ಲ್ಯಾಶ್ ಹೊಡೆಯಬೇಡ, ಅವನಿಗೆ ಇಳಿಯುವ ಜಾಗ ಕಾಣಬೇಕು. ಯಾರಾದರೂ ಬಿದ್ದರೆ ಕ್ಯಾಮೆರಾ ಇಳಿಸಿ ಸ್ಟ್ರೆಚರ್‌ಗೆ ದಾರಿ ಬಿಡು. ಆ ಫೋಟೋ ಇಲ್ಲ ಅಂತ ನಿನ್ನನ್ನು ಯಾರಾದರೂ ಬೈದರೆ ನನ್ನ ಹತ್ತಿರ ಕಳಿಸು.

ಸೋಮವಾರ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗೋಣ. ಕಾರ್ಡ್ ತಗೊಂಡು ಬಾ. ಕೆಟ್ಟವನ್ನು ಅಳಿಸಿ ತರಬೇಡ, ನನಗೆ ಅವೇ ಮೊದಲು ಬೇಕು.

ನಿನ್ನ
ಮಾವ