ಕ್ಯಾಡ್ ಕಲಿಯುತ್ತಿರುವ ಅಣ್ಣನ ಮಗಳಿಗೆ

ಕಪನೂರ, ಕಲಬುರಗಿ

ಚಿ. ಭಾಗ್ಯಶ್ರೀಗೆ ಕಾಕಾನ ಆಶೀರ್ವಾದಗಳು.

ನೀನು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಎಳೆಯುವ ಕ್ಯಾಡ್ ಕ್ಲಾಸಿಗೆ ಸೇರಿದ ಸುದ್ದಿ ಅಣ್ಣ ಹೇಳಿದ. ಖುಷಿಯಾಯಿತು. ಕಮಾಂಡುಗಳ ಚಿಂತೆ ಬಿಡು. ಲೈನ್, ಟ್ರಿಮ್, ಆಫ್‌ಸೆಟ್ ಎಲ್ಲ ಬೇಗ ಕೈಗೆ ಹತ್ತುತ್ತವೆ. ಆದರೆ ಸಾಫ್ಟ್‌ವೇರ್ ನೀನು ಹೇಳಿದ್ದನ್ನು ಎಳೆದು ಕೊಡುತ್ತದೆ ಅಷ್ಟೇ. ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನಿಗೆ ಅರ್ಥವಾಗುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಮೊದಲು ಪ್ರೊಜೆಕ್ಷನ್, ಅಂದರೆ ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ರೀತಿ, ಗಟ್ಟಿ ಮಾಡಿಕೋ. ನಮ್ಮಲ್ಲಿ ಫಸ್ಟ್ ಆ್ಯಂಗಲ್. ಮೇಲಿನಿಂದ ನೋಡಿದ ಟಾಪ್ ವ್ಯೂ ಎದುರು ನೋಟದ ಕೆಳಗೆ ಬರುತ್ತದೆ, ಎಡಗಡೆಯಿಂದ ನೋಡಿದ್ದು ಬಲಕ್ಕೆ. ಅಮೆರಿಕದವರ ಥರ್ಡ್ ಆ್ಯಂಗಲ್‌ನಲ್ಲಿ ಇದೆಲ್ಲ ಉಲ್ಟಾ. ಹೋದ ವರ್ಷ ಒಂದು ಕಡೆಯಿಂದ ಬ್ರಾಕೆಟ್ ಡ್ರಾಯಿಂಗ್ ಬಂತು. ಯಾವ ಆ್ಯಂಗಲ್ ಅನ್ನುವ ಚಿಹ್ನೆಯೇ ಇಲ್ಲ. ಹುಡುಗರು ಫಸ್ಟ್ ಅಂದುಕೊಂಡೇ ಮಾಡಿದರು. ತೂತುಗಳೆಲ್ಲ ಎದುರು ಬದಿಗೆ ಬಂದವು. ಮಾಲು ಗುಜರಿಗೆ ಹೋಯಿತು. ಹಾಳೆಯ ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ ಆ ಚಿಹ್ನೆ, ಅಂದರೆ ಮೊಟಕು ಶಂಕುವಿನ ಚಿತ್ರ, ಹಾಕಲು ಎಷ್ಟು ಹೊತ್ತು ಬೇಕು ಹೇಳು?

ಅಳತೆ ಕೊಡುವುದರಲ್ಲೇ ಡ್ರಾಫ್ಟ್ಸ್‌ಮನ್ ಎಂಥವನು ಅಂತ ಗೊತ್ತಾಗುವುದು. ಒಂದು ಅಳತೆ ಒಂದೇ ಸಲ ಬರೆ. ಎರಡು ಕಡೆ ಬರೆದರೆ ಯಾರೋ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತಾರೆ. 20, 30, 50 ಅಂತ ಸಾಲಾಗಿ ಕೊಟ್ಟ ಮೇಲೆ ಒಟ್ಟು 100 ಅಂತಲೂ ಕೊಡಬೇಡ. ಒಂದೊಂದಕ್ಕೂ 0.1 ಮಿ.ಮೀ. ಆಚೀಚೆ ಬಿಟ್ಟಿದ್ದರೆ ಮೂರೂ ಸೇರಿ 0.3 ಆಗಬಹುದು. ಒಟ್ಟು ಅಳತೆಗೂ 0.1 ಅಂತಲೇ ಇದ್ದರೆ ಲೇತ್ ನಡೆಸುವ ಟರ್ನರ್ ಯಾವುದನ್ನು ನಂಬಬೇಕು? ಅಷ್ಟೇನೂ ಮುಖ್ಯ ಅಲ್ಲದ ಒಂದನ್ನು ಬಿಟ್ಟುಬಿಡು. ಎಲ್ಲ ಕಡೆ ಬಿಗಿ ಟಾಲರೆನ್ಸ್ (ಅಳತೆಯಲ್ಲಿ ಬಿಡುವ ಆಚೀಚೆ) ಹಾಕುವವರೂ ಇದ್ದಾರೆ, ಜಾಣರು ಅಂತ ಕಾಣಿಸಿಕೊಳ್ಳೋಕೆ. ಬೇರಿಂಗ್ ಕೂರುವ ಜಾಗಕ್ಕೆ ಬೇಕು, ಅಲ್ವಾ? ಉಳಿದ ಕಡೆ ಸುಮ್ನೆ ಖರ್ಚು ಜಾಸ್ತಿ.

ಮಾಡೆಲ್ 1:1 ರಲ್ಲೇ, ಅಂದರೆ ನಿಜ ಅಳತೆಯಲ್ಲೇ ಎಳೆ, ಸ್ಕೇಲ್ ಪ್ರಿಂಟ್ ಹೊತ್ತಿಗೆ ನೋಡಿಕೋ. ಹೊರಗೆರೆ 0.5 ಮಿ.ಮೀ. ಇದ್ದರೆ ಅಳತೆಯ ಗೆರೆ, ಸೆಂಟರ್ ಲೈನ್ 0.25 ಇರಲಿ. ಪರದೆಯ ಮೇಲಿನ ಬಣ್ಣ ನಂಬಬೇಡ, ವರ್ಕ್‌ಶಾಪಿಗೆ ಬರುವುದು ಕಪ್ಪುಬಿಳುಪು ಹಾಳೆ. ಇದೆಲ್ಲ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಎಸ್‌ಪಿ 46 ಪುಸ್ತಕದಲ್ಲಿದೆ. ಶಾಲೆ ಕಾಲೇಜಿನವರಿಗೆಂದೇ ಮಾಡಿದ್ದು. ಲೈಬ್ರರಿಯಲ್ಲಿ ಕೇಳು.

ಶನಿವಾರ ಕ್ಲಾಸ್ ಮುಗಿಸಿ ಇಲ್ಲಿಗೆ ಬಾ. ಎರಡು ಶಾಫ್ಟ್ ಜೋಡಿಸುವ ಹಳೆಯ ಕಪ್ಲಿಂಗ್ ಒಂದು ತೆಗೆದಿಟ್ಟಿದ್ದೇನೆ. ವರ್ನಿಯರ್ ಅಳತೆ ಸಾಧನ ಹಿಡಿದು ಅಳೆದು, ಪೆನ್ಸಿಲ್‌ನಲ್ಲಿ ಸ್ಕೆಚ್ ಮಾಡು, ಆಮೇಲೆ ಕ್ಯಾಡ್. ಎ3 ಪ್ರಿಂಟ್ ತಂದರೆ ನಮ್ಮ ಟರ್ನರ್ ಕೈಗೆ ಕೊಡುತ್ತೇನೆ. ನೀನು ಬಾಯಿ ಬಿಡಬಾರದು. ಅವನು ಕೇಳುವ ಒಂದೊಂದು ಪ್ರಶ್ನೆಯನ್ನೂ ಬರೆದುಕೋ.

ನಿನ್ನ ಕಾಕಾ