ಸಭೆ ರೊಕ್ಕ ನಿನ್ನ ಫೋನಿನಾಗ ಬಂದಮ್ಯಾಲ

ಪ್ರೀತಿಯ ತಮ್ಮಾ,

ಯೇಸುಸ್ವಾಮಿ ನಾಮದಾಗ ಆಶೀರ್ವಾದ. ಬೆಳಗಾವಿ ಚರ್ಚ್ ಸಭೆಯಾಗ ನಿನ್ನ ಯೂಥ್ ಖಜಾಂಚಿ ಮಾಡ್ಯಾರ ಅಂತ ಕೇಳಿ ಭಾಳ ಖುಷಿ ಆತು, ನಿಮ್ಮ ದೊಡ್ಡವ್ವ ಅಂತೂ ಓಣಿ ತುಂಬ ಹೇಳಿ ಬಂದಾಳ. ಆದ್ರ ಮೊನ್ನೆ ಫೋನಿನಾಗ ನೀ ಒಂದು ಮಾತು ಅಂದಿ ನೋಡು, "ದೊಡ್ಡಪ್ಪಾ, ಸುಗ್ಗಿ ಹಬ್ಬದಾಗ ಕಾಣಿಕೆ ಸಾಮಾನಿನ ಲಿಲಾವದ ರೊಕ್ಕ ಎಲ್ಲಾ ನನ್ನ ಫೋನ್‌ಪೇ ನಂಬರಿಗೇ ಬಂತು, ಭಾಳ ಈಜಿ ಆತು" ಅಂತ, ಅದು ನನ್ನ ತಲಿಯಾಗ ಕುಂತು ಬಿಟ್ಟೈತಿ. ಫೋನಿನಾಗ ಹೇಳಿದ್ರ ನೀ ಹೂಂ ಹೂಂ ಅಂದು ಇಟ್ಟುಬಿಡ್ತಿ, ಅದಕ್ಕ ಬರ್ಯಾಕ ಹತ್ತೀನಿ. ಉದ್ದ ಆತು ಅಂತ ಬ್ಯಾಸರ ಮಾಡ್ಕೋಬ್ಯಾಡ.

ಮೊದಲ ಹೇಳ್ತೀನಿ, ನಿನ್ನ ಮ್ಯಾಲ ನನಗ ಸಂಶೆ ಇಲ್ಲ. ಸಂಶೆ ಇದ್ದಿದ್ರ ನಿನಗ ಯಾಕ ಬರೀತಿದ್ದೆ, ಸೀದಾ ನಿಮ್ಮ ಸಭಾಪಾಲಕರಿಗೆ ಫೋನ್ ಹಚ್ಚತಿದ್ದೆ. ನೀ ಒಳ್ಳ್ಯಾಂವ ಅದೀ ಅಂತನ ಹೆದರಿಕಿ. ಕುಡಿತ, ಇಸ್ಪೀಟು, ಇಂಥಾವು ಬಂದ್ರ ನಿನಗ ದೂರದಿಂದನ ವಾಸನಿ ಬಡೀತೈತಿ, ಅವಕ್ಕ ನೀ ಬಗ್ಗಾಂವ ಅಲ್ಲ. ಆದ್ರ ದೇವರ ಕೆಲಸದ ಒಳಗನ ಕುಂತು, ನಮ್ಮ ಸಲೀಸಿಗೆ ಅಂತ ಬರೂ ಶೋಧನೆಗೆ, ಅಂದ್ರ ತಪ್ಪಿನ ಕಡೆ ಎಳಿಯೂ ಆಸೆಗೆ, ವಾಸನಿನ ಇರಂಗಿಲ್ಲ.

ಯೂದನ್ನ ನೋಡಲಾ, ಸ್ವಾಮಿ ಶಿಷ್ಯನಾಗಿದ್ದು ಅವರನ್ನ ವೈರಿಗಳಿಗೆ ಹಿಡಕೊಟ್ಟಾಂವ. ಇಸ್ಕರಿಯೋತ ಯೂದ ಅಂದಕೂಡ್ಲೆ ನಮ್ಮ ಕಣ್ಣಿಗೆ 30 ಬೆಳ್ಳಿ ನಾಣ್ಯ, ಗೆತ್ಸೇಮನೆ ತೋಟದಾಗ ಸ್ವಾಮಿನ ಹಿಡಕೊಡಾಕ ಕೊಟ್ಟ ಮುತ್ತು ಇಷ್ಟ ಬರತಾವು, ಸಂಡೇ ಸ್ಕೂಲ್ ಡ್ರಾಮಾದಾಗೂ ಅವಗ ಕರೇ ಗಡ್ಡ ಹಚ್ಚಿ ಸ್ಟೇಜಿಗೆ ಬಿಡ್ತಾರ, ಹುಡುಗೂರಿಗೆ ಬಂದ ತಕ್ಷಣ ಗೊತ್ತಾಗ್ಲಿ ಅಂತ. ಆದ್ರ ಸ್ವಾಮಿ ಜೋಡಿ ಇದ್ದೋರಿಗೆ ಗೊತ್ತ ಆಗಲಿಲ್ಲಲ್ಲೋ! ಕಡೀ ಊಟದ ದಿನ "ನಿಮ್ಮಾಗ ಒಬ್ಬಾಂವ ನನ್ನ ಹಿಡಕೊಡ್ತಾನ" ಅಂತ ಸ್ವಾಮಿ ಅಂದಾಗ ಒಬ್ಬರರ ಯೂದನ ಕಡೆ ಬೊಟ್ಟು ಮಾಡಿದ್ರೇನು? "ಸ್ವಾಮಿ, ನಾನಾ? ನಾನಾ?" ಅಂತ ತಮ್ಮನ್ನ ತಾವ ಕೇಳಕೊಂಡ್ರು. ಅಂದ್ರ ಅಲ್ಲೀತನಕ ಅಂವಾ ಎಲ್ಲಾರಂಗನ ಇದ್ದ, ಹನ್ನೆರಡು ಮಂದ್ಯಾಗ ಒಬ್ಬಾಂವಾಗಿ ಊರೂರಿಗೆ ಸುವಾರ್ತೆ ಹೇಳಾಕೂ ಹೋಗಿದ್ದ. ರೊಕ್ಕದ ಚೀಲ ಅವನ ಕಡೆ ಇರತಿತ್ತು, ಅದರಾಗಿಂದ ತಕ್ಕೋತಿದ್ದ ಅಂತ ಯೋಹಾನನ ಸುವಾರ್ತೆ 12ನೇ ಅಧ್ಯಾಯದಾಗ ಐತಿ. ಮೊದಲನೇ ಸಲ ಎಷ್ಟು ತಕ್ಕೊಂಡ, ಯಾಕ ತಕ್ಕೊಂಡ ಅಂತ ಬರದಿಲ್ಲ. ಕೆಲವೊಮ್ಮೆ ನನಗ ಅನಸ್ತೈತಿ, ನಾಳೆ ಹಾಕಿದ್ರಾತು ಅಂತನ ತಕ್ಕೊಂಡಿದ್ದನೇನೋ.

ಅದ ಅಧ್ಯಾಯದಾಗ ಇನ್ನೊಂದು ಐತಿ, ಅದನ್ನ ಸಾವಕಾಶ ಓದು. ಬೇಥಾನ್ಯ ಊರಾಗ ಮರಿಯಳು ಅನ್ನೂ ಹೆಣ್ಣುಮಗಳು ಸ್ವಾಮಿ ಪಾದಕ್ಕ ಜಟಾಮಾಂಸಿ ತೈಲ ಹಚ್ಚತಾಳ. ಆಗ ಯೂದ, ಇದನ್ನ 300 ದಿನಾರಿಗೆ ಮಾರಿ ಬಡವರಿಗೆ ಕೊಡಬೌದಿತ್ತಲ್ಲಾ ಅಂತಾನ. ಆಗಿನ ಕಾಲಕ್ಕ ಒಂದು ದಿನಾರಿ ಅಂದ್ರ ಒಂದು ದಿನದ ಕೂಲಿ, 300 ಅಂದ್ರ ಹತ್ರ ಹತ್ರ ಒಂದು ವರ್ಷದ ದುಡಿಮಿ. ಮಾತು ಕೇಳಿದ್ರ ಖರೇ ಅನಸ್ತೈತಿ, ನಮ್ಮ ಕಮಿಟಿ ಮೀಟಿಂಗಿನಾಗ ಯಾರರ ಹಿಂಗಂದ್ರ ನಾನೂ ಕೈ ಎತ್ತತಿದ್ದೆ. ಬಡವರ ಹೆಸರಿಲೆ ಬಂತು ನೋಡು ಶೋಧನೆ, ಲೆಕ್ಕಾಚಾರ ಪಕ್ಕಾ ಮಾಡ್ಕೊಂಡು ಬಂತು. ನಿನಗೂ ಹಂಗ ಬರತೈತಿ. ತಿಂಗಳ ಕಡಿಗೆ ರೂಮಿನ ಬಾಡಿಗಿ ಕಟ್ಟಬೇಕು, ಪಗಾರ ಇನ್ನೂ ಆಗಿಲ್ಲ, ಅಕೌಂಟಿನಾಗ ಸಭೆ ರೊಕ್ಕ ಬಿದ್ದೈತಿ, ಎರಡ ದಿನದ ಮಾತು, ಹೆಂಗೂ ಪೆಟ್ರೋಲ್ ಹಾಕ್ಕೊಂಡು ಸಭೆ ಕೆಲಸಕ್ಕ ನಾನ ಓಡಾಡೀನಿ. ಇದರಾಗ ಒಂದ ಮಾತರ ಸುಳ್ಳ ಐತೇನು? ಇಲ್ಲ. ಅದ ಫಜೀತಿ.

ಮಗ್ಗದ ಮ್ಯಾಲ ಹಾಸಿನಾಗ ಒಂದು ಎಳಿ ಹರಿದಿದ್ದನ್ನ ಕಾಣದ ನೇಕೋತ ಹೋದ್ರ ಖಣದ ಉದ್ದಕ್ಕ ಗೀರು ಬೀಳತೈತಲ್ಲ, ಇದೂ ಹಂಗ. ಆಮ್ಯಾಲ ಬಿಚ್ಚಾಕ ಬರಂಗಿಲ್ಲ.

ನಮ್ಮ ಗುಳೇದಗುಡ್ಡಕ್ಕ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ದ ಪಾದ್ರಿಗಳು ಬಂದದ್ದು 1851ರಾಗ, ಅವರು ಹಾಕಿಕೊಟ್ಟ ರೂಢಿನೋ ಏನೋ, ನಾ ಕಾಣಿಕೆ ಎಣಿಸೋ ಕಾಲಕ್ಕ ಡಬ್ಬಿಗೆ ಎರಡು ಕೀಲಿ, ಚಾವಿ ಎರಡು ಬ್ಯಾರೆ ಬ್ಯಾರೆ ಮನ್ಯಾಗ. ನನ್ನ ಜೋಡಿ ಎಣಿಸಾಕ ಒಬ್ಬ ಮುದುಕ ಕುಂಡರತಿದ್ದ, ನೇಕಾರಂವ, ಭಾಳ ಹಟಮಾರಿ. ಚಿಲ್ಲರೆನೆಲ್ಲಾ ಹತ್ತತ್ತು ರೂಪಾಯಿ ಥಪ್ಪಿ ಹಚ್ಚಿ, ಒಂದು ಥಪ್ಪಿ ಸೊಟ್ಟ ಕಂಡ್ರ ಮತ್ತ ಮೊದಲಿಂದ. ಒಂದು ಆದಿತ್ಯವಾರ ಎರಡು ರೂಪಾಯಿ ತಾಳೆ ಬೀಳಲಿಲ್ಲ, ಮನ್ಯಾಗ ಮಟನ್ ಸಾರು ಆರಾಕ ಹತ್ತಿತ್ತು, ಹೋಗ್ಲಿ ಬಿಡ್ರಿ ನನ್ನ ಕಿಸೆದಾಗಿಂದ ಹಾಕ್ತೀನಿ ಅಂದೆ. ಬ್ಯಾಡ ಅಂದ. "ಇವತ್ತ ಕಿಸೆದಾಗಿಂದ ಹಾಕೂ ಕೈಗೆ ನಾಳೆ ಕಿಸೆಗೆ ಹಾಕೂದು ಸರಳಕ್ಕೈತಿ" ಅಂದ. ನನಗ ಸಿಟ್ಟ ಬಂತು. ರೂಪಾಯಿ ಎರಡೂ ಟೇಬಲ್ ಬಟ್ಟಿ ಮಡಿಕಿನಾಗ ಇದ್ದವು.

ಅಪೊಸ್ತಲ ಪೌಲನೂ ಹಂಗ ಮಾಡಿದ್ದ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಸಭೆಗಳು ಕೂಡಿಸಿದ ರೊಕ್ಕಾನ ತಾ ಒಬ್ಬಾಂವನ ಒಯ್ಯಲಿಲ್ಲ, ಸಭೆಗಳು ಆರಿಸಿಕೊಟ್ಟ ಮಂದಿನ ಜೋಡಿ ಕರಕೊಂಡ. ಅಂವಾ ಕೊರಿಂಥದವರಿಗೆ ಬರದ ಎರಡನೇ ಪತ್ರದ 8ನೇ ಅಧ್ಯಾಯ ತಗದು ನೋಡು, ಯಾರೂ ನಮ್ಮ ಮ್ಯಾಲ ತಪ್ಪು ಹೊರಿಸಬಾರದು, ಕರ್ತನ ಮುಂದ ಅಷ್ಟ ಅಲ್ಲ ಮಂದಿ ಮುಂದನೂ ನೆಟ್ಟಗ ಇರಬೇಕು ಅಂತಾನ. ಪೌಲನಂಥಾ ಪೌಲನ ತನ್ನ ಮ್ಯಾಲ ಕಾವಲು ಇಟಗೊಂಡ, ನಾನೂ ನೀನೂ ಎಷ್ಟರವರು.

ಅದಕ್ಕ ಈ ವಾರನ ಸಭಾಪಾಲಕರನ್ನ ಕಂಡು ಸಭೆ ಹೆಸರಿಲೆ ಅಕೌಂಟ್ ತಗಿಸ್ರಿ ಅಂತ ಕೇಳು, ಇಬ್ಬರ ಸಹಿ ಇರಲಿ, ಕ್ಯೂಆರ್ ಆ ಅಕೌಂಟಿಂದನ ಇರಲಿ. ಅಲ್ಲೀತನಕ ಬಂದ ರೊಕ್ಕ ಅವತ್ತಿಂದವತ್ತ ಹಿರೇ ಖಜಾಂಚಿಗೆ ಕಳಸಿ ಸ್ಕ್ರೀನ್‌ಶಾಟ್ ಕಮಿಟಿ ಗ್ರೂಪಿಗೆ ಹಾಕು. "ಏನೋ ನಿನ್ನ ಮ್ಯಾಲ ನಮಗ ನಂಬಿಕಿ ಇಲ್ಲೇನು" ಅಂತ ಅವರು ನಗಬೌದು, ನಗಲಿ. ಅವರು ಹಂಗ ಅಂದಾಗ ಒಳಗ ಒಂಥರಾ ಹಿತ ಆಗತೈತಿ, ಅದನ್ನೂ ಜ್ವಾಕಿ ಮಾಡು.

ಇನ್ನೊಂದು, ನೀ ಪ್ರಾರ್ಥನೆಗೆ ಟೈಮ್ ಸಿಗವಲ್ದು, ಸಭೆ ಕೆಲಸನ ಭಾಳ ಆಗೇತಿ ಅಂದಿ. ಎಚ್ಚರಾಗಿದ್ದು ಪ್ರಾರ್ಥಿಸ್ರಿ ಅಂತ ಸ್ವಾಮಿ ಹೇಳಿದ್ದು ದಣದು ಮಲಗಿದ್ದ ಶಿಷ್ಯರಿಗೆ, ಕೆಟ್ಟವರಿಗಲ್ಲ. ಒಂದು ಕೆಲಸ ಇನ್ನೊಬ್ಬರಿಗೆ ಕೊಡು, ಕ್ವಾಯರ್ ನೀ ಇಲ್ದಿದ್ರೂ ಹಾಡತೈತಿ.

ಲಿಲಾವದಾಗ ಉಳಿದದ್ದು ಎಷ್ಟು, ಯಾರ ಕಡಿಂದ ಇನ್ನೂ ಬರಬೇಕು, ಅದನ್ನ ಒಂದು ಹಾಳಿಗೆ ಬರದು ಆದಿತ್ಯವಾರದ ಒಳಗ ಒಪ್ಪಿಸಿ ಬಾ, ಆಮ್ಯಾಲ ನನಗ ಫೋನ್ ಹಚ್ಚು. ಈ ಪತ್ರ ನಿಮ್ಮವ್ವಗ ತೋರಸಬ್ಯಾಡ, ಸುಮ್ನ ಗಾಬರಿ ಆಗಿ ಬಸ್ ಹತ್ತಿ ಅಲ್ಲಿಗೇ ಬಂದುಬಿಡ್ತಾಳ.

ನಿನ್ನ ದೊಡ್ಡಪ್ಪ,
ಗುಳೇದಗುಡ್ಡ